ಹಿಟ್ಟು ಹೆಚ್ಚಾತು

ಏಳು ಸಮುದ್ರದ ಆಚೆಗೇನೂ ಅಲ್ಲ, ಘಾಟ್ಕೋಪರ್ ದಾಟಿದ ಲೋಕಲ್ ಗಾಡಿ ಇನ್ನೂ ಸ್ವಲ್ಪ ಮುಂದೆ ಹೋದರೆ ಸಿಗುವ ಭಾಂಡುಪ್ ಎಂಬ ಊರಿನಲ್ಲಿ, ಗುಡ್ಡದ ಮಗ್ಗುಲಿನ ಒಂದು ಚಾಳಿನಲ್ಲಿ, ಅಂಬವ್ವ ಎಂಬ ಅಜ್ಜಿಯೊಬ್ಬಳಿದ್ದಳು. ಅವಳಿಗೊಂದು ರಾಜ್ಯವಿತ್ತು. ರಾಜ್ಯವೆಂದರೆ ಒಂದು ಖೋಲಿ, ಅದರ ಹಿಂದೊಂದು ಅಡುಗೆಯ ಮೂಲೆ, ಮುಂದೆ ನಾಲ್ಕು ಮಂದಿ ಕೂತರೆ ತುಂಬಿಹೋಗುವ ಪಡಸಾಲೆ. ಆ ರಾಜ್ಯದಲ್ಲಿ ಯಾವುದೂ ಎಂದೂ ಮುಗಿಯುತ್ತಿರಲಿಲ್ಲ.

ಡಬ್ಬಿಯಲ್ಲಿ ಅಕ್ಕಿ ತೀರಿದರೆ ಅಲ್ಲಿ "ಅಕ್ಕಿ ಹೆಚ್ಚಾತು" ಎನ್ನಬೇಕಿತ್ತು. ಉಪ್ಪಿನ ಗಡಿಗೆ ಬರಿದಾದರೆ ಉಪ್ಪು ಹೆಚ್ಚಾಯಿತು. ಕೈಬಳೆ ಒಡೆದರೆ ಬಳೆ ಹೆಚ್ಚಿತು. ದೀಪವನ್ನು ಯಾರೂ ಆರಿಸುವಂತಿರಲಿಲ್ಲ, ಶಾಂತ ಮಾಡಬೇಕಿತ್ತು. ಹೊರಗೆ ಹೊರಟವರು "ಬರ್ತೀನಿ" ಎಂದೇ ಹೋಗಬೇಕಿತ್ತು. ಇಲ್ಲ, ತೀರಿತು, ಮುಗೀತು ಎಂಬ ಮಾತುಗಳಿಗೆ ಕಿವಿ ಇರುತ್ತವೆ, ಹೆಸರು ಹಿಡಿದು ಕರೆದರೆ ಬಂದು ಮನೆಯಲ್ಲೇ ಉಳಿದುಬಿಡುತ್ತವೆ ಎಂದು ಅಂಬವ್ವ ಹೇಳುತ್ತಿದ್ದಳು. ಅವಳ ಕಥೆಗಳೂ ಹಾಗೆಯೇ. ತವರಿಗೆ ಹೊರಟ ರಾಜಕುಮಾರಿ ಮುಂದೇನಾದಳು ಎಂದು ಮೊಮ್ಮಗಳು ಕೇಳಿದರೆ, "ಇನ್ನೂ ಹೊಂಟಾಳ, ನನ್ನವ್ವಾ, ದಾರಿ ದೂರ ಐತಿ" ಎಂದು ಹೇಳಿ ಮಲಗಿಸುತ್ತಿದ್ದಳು.

ಆ ರಾಜ್ಯದ ಪ್ರಜೆಗಳು ಮೂವರು. ಮಗ ಮುರಿಗೆಪ್ಪ, ಭಾಂಡುಪದಲ್ಲೇ ನೀರಿನ ಪಂಪು ತಯಾರಿಸುವ ಕಾರಖಾನೆಯೊಂದರಲ್ಲಿ ಫಿಟ್ಟರ್. ಸೊಸೆ ರಾಚವ್ವ, ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಬಿಜಾಪುರದ ಕಡೆಯ ಗಂಡಸರಿಗೆ ರೊಟ್ಟಿ ಬಡಿದು ಹಾಕುವ ಸಣ್ಣ ಖಾನಾವಳಿಯವಳು. ಮೊಮ್ಮಗಳು ವಿನೋದಿನಿ, ಮನೆಮನೆಗೆ ಹೋಗಿ ಮಕ್ಕಳಿಗೆ ಟ್ಯೂಶನ್ ಹೇಳುವವಳು, ಹಿಂದಿನ ವರ್ಷ ಗಣಿತದಲ್ಲಿ ಬಿ.ಎಸ್‌ಸಿ. ಮುಗಿಸಿದವಳು. ಅಜ್ಜಿಯ ಮಾತಿನಲ್ಲಿ ಹೇಳುವುದಾದರೆ, ಬಿ.ಎಸ್‌ಸಿ. ತುಂಬಿಸಿದವಳು.

ಅದು ಎಪ್ಪತ್ಮೂರನೆಯ ಇಸವಿಯ ಬೇಸಿಗೆ. ಮಳೆ ಕೈಕೊಟ್ಟಿತ್ತು. ಊರ ಕಡೆಯಿಂದ ಬರುತ್ತಿದ್ದ ಬಿಳಿಜೋಳ ನಿಂತುಹೋಗಿ, ರೇಶನ್ ಅಂಗಡಿಯಲ್ಲಿ ಅಮೆರಿಕದ ಕೆಂಪು ಜೋಳ ಕೊಡುತ್ತಿದ್ದರು. ಅದು ಅಲ್ಲಿಯ ದನಗಳು ತಿನ್ನುವ ಜೋಳ ಎಂದು ಖಾನಾವಳಿಯ ನಿಂಗಣ್ಣ ದಿನಾ ಹೇಳುತ್ತಿದ್ದ, ಹೇಳಿ ದಿನಾ ಉಣ್ಣುತ್ತಿದ್ದ. ಅದರ ಹಿಟ್ಟಿಗೆ ಜಿಗಿ ಇರಲಿಲ್ಲ. ಎಷ್ಟು ಬಿಸಿನೀರು ಹಾಕಿ ನಾದಿದರೂ ರಾಚವ್ವನ ಕೈಯಲ್ಲಿ ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. ಹೋಳಿಯ ಹೊತ್ತಿಗೆ ಮುರಿಗೆಪ್ಪನ ಕಾರಖಾನೆಗೆ ಮಾಲೀಕರು ಬೀಗ ಹಾಕಿದ್ದರು. ಮುರಿಗೆಪ್ಪ ಬೆಳಗಾದರೆ ಖಾಕಿ ಅಂಗಿ ತೊಟ್ಟು ಗೇಟಿನ ಮುಂದೆ ಹೋಗಿ ಕೂರುತ್ತಿದ್ದ, ಮಧ್ಯಾಹ್ನ ಬಂದು ಉಂಡು ಮತ್ತೆ ಹೋಗುತ್ತಿದ್ದ. ರಾಚವ್ವ ದಿನ ಬಿಟ್ಟು ದಿನ ಡಬ್ಬಿ ತೆರೆದು ನೋಡಿ, ಅತ್ತೆಯ ಕಡೆ ತಿರುಗಿ "ಹಿಟ್ಟು ಹೆಚ್ಚಾತ್ರಿ" ಎನ್ನುತ್ತಿದ್ದಳು. ಅಂಬವ್ವ ಸೆರಗು ಸರಿಮಾಡಿಕೊಂಡು ಚೀಲ ಹಿಡಿದು ರೇಶನ್ ಸಾಲಿಗೆ ಹೊರಡುತ್ತಿದ್ದಳು.

ಇಂಥ ದಿನಗಳಲ್ಲಿ ವಿನೋದಿನಿಗೆ ಇಂಟರ್‌ವ್ಯೂ ಬಂತು. ಹೊರದೇಶದ ದೊಡ್ಡ ಕಂಪ್ಯೂಟರ್ ಕಂಪನಿಯೊಂದು ಪ್ರೋಗ್ರಾಮರ್ ಕೆಲಸಕ್ಕೆ ಗಣಿತ ಕಲಿತವರನ್ನು ಹುಡುಕುತ್ತಿತ್ತು. ಲಿಖಿತ ಪರೀಕ್ಷೆಯನ್ನು ಅವಳು ಆಗಲೇ ದಾಟಿದ್ದಳು.

ರಾತ್ರಿಯ ಊಟಕ್ಕೆ ಗಂಡಸರು ಪಡಸಾಲೆಯಲ್ಲಿ ಕೂತಾಗ ಮಾತು ಅದರ ಮೇಲೇ ಬಂತು.

"ಅದು ಏನ ಮಾಡತೈತಿ, ಆ ಕಂಪ್ಯೂಟರು?" ಮುರಿಗೆಪ್ಪ ಕೇಳಿದ.

"ಲೆಕ್ಕ ಮಾಡತೈತಿ, ಅಪ್ಪಾ. ಆದ್ರ ಅದಕ್ಕ ತಾನಾಗಿ ಏನೂ ತಿಳ್ಯಂಗಿಲ್ಲ. ಇದಾದ ಮ್ಯಾಲ ಇದು, ಅದಾದ ಮ್ಯಾಲ ಅದು ಅಂತ ಒಂದೊಂದ ಬರದ ಕೊಡಬೇಕು. ಬರದ ಕೊಡೂದ ನನ್ನ ಕೆಲಸ."

ನಿಂಗಣ್ಣ ಶಹರದ ಕೋಟೆ ಭಾಗದ ಒಂದು ಆಫೀಸಿನಲ್ಲಿ ಪ್ಯೂನ್. ರೊಟ್ಟಿ ಮುರಿಯುತ್ತ ಹೇಳಿದ: "ಮುರಿಗೆಪ್ಪಣ್ಣ, ನಮ್ಮ ಆಫೀಸಿನ್ಯಾಗ ಅದರ ಹೆಸರ ಎತ್ತಿದ್ರ ಕಾರಕೂನರು ಬಾಗಲಾಗ ಕುಂತ ಘೋಷಣಾ ಕೂಗತಾರ. ಒಂದ ಮಷಿನ್ ನೂರ ಮಂದಿ ಕೂಳ ತಿಂತೈತಂತ."

"ತಿಂದ್ರ ತಿನ್ನಲಿ," ಎಂದಳು ಒಲೆಯ ಹತ್ತಿರದಿಂದ ಅಂಬವ್ವ. "ಅದಕ್ಕ ಉಣಸಾಕಿಗೆ ಪಗಾರ ಕೊಡ್ತಾರಿಲ್ಲೋ?"

ಎಲ್ಲರೂ ನಕ್ಕರು. ಮುರಿಗೆಪ್ಪನೂ ನಕ್ಕ. ಕಾರಖಾನೆಯ ಬೀಗ ತೆಗೆಯುವವರೆಗೆ ಮಗಳ ಸಂಬಳ ಬಂದರೆ ಮನೆ ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಲು ಮಾತ್ರ ನಾಚಿಕೆ.

ಇಂಟರ್‌ವ್ಯೂ ದಿನ ಪಕ್ಕದ ಖೋಲಿಯ ದೇವಕ್ಕ ತನ್ನ ನೈಲಾನ್ ಸೀರೆ ಉಡಲು ಕೊಟ್ಟಳು. ಅಂಬವ್ವ ಕೈಗೆ ಮೊಸರು ಸಕ್ಕರೆ ಹಾಕಿದಳು. "ಬರ್ತೀನಿ, ಅಜ್ಜಿ" ಎಂದು ಹೇಳಿ ವಿನೋದಿನಿ ಲೋಕಲ್ ಹಿಡಿದು ಕೊನೆಯ ಸ್ಟೇಶನ್ ವೀಟಿಯಲ್ಲಿ ಇಳಿದಳು.

ಆ ಆಫೀಸು ಅಜ್ಜಿಯ ಕಥೆಯ ಅರಮನೆಯಂತೆಯೇ ಇತ್ತು. ಲಿಫ್ಟಿನಿಂದ ಇಳಿದರೆ ಹೊರಗಿನ ಸೆಕೆ ಇಲ್ಲ, ಸದ್ದಿಲ್ಲ. ಉದ್ದನೆಯ ಗಾಜಿನ ಆಚೆ ಕಬ್ಬಿಣದ ಕಪಾಟುಗಳ ಸಾಲಿನಂಥ ಯಂತ್ರ, ಅದರ ಹಣೆಯಲ್ಲಿ ಮಿಣುಕುವ ಸಣ್ಣ ಸಣ್ಣ ದೀಪಗಳು. ಅವಳು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತು, ಹೆಸರು ಕರೆದದ್ದೇ ಕೇಳಿಸದೆ, ಎರಡನೆಯ ಸಲ ಕರೆದಾಗ ಓಡಿದಳು.

ಒಳಗೆ ಇಬ್ಬರಿದ್ದರು. ಬಿಳಿಗೂದಲಿನ ಒಬ್ಬ ಪಾರಸಿ ಸಾಹೇಬರು, ಟೈ ಕಟ್ಟಿದ ಒಬ್ಬ ತರುಣ. ಮಾತೆಲ್ಲ ಇಂಗ್ಲಿಷಿನಲ್ಲಿ. ಗಣಿತದ ಪ್ರಶ್ನೆಗಳಿಗೆ ಅವಳು ತಡವರಿಸದೆ ಉತ್ತರ ಕೊಟ್ಟಳು. ಆಮೇಲೆ ಸಾಹೇಬರು ಒಂದು ಖಾಲಿ ಹಾಳೆ ಮುಂದಿಟ್ಟರು. ನಿಮ್ಮ ಮನೆಯಲ್ಲಿ ದಿನಾ ನಡೆಯುವ ಒಂದು ಕೆಲಸ ಆರಿಸಿಕೊ, ಏನೂ ತಿಳಿಯದ ಯಂತ್ರಕ್ಕೆ ಅದನ್ನು ಹೇಳಿಕೊಡುವಂತೆ ಫ್ಲೋಚಾರ್ಟ್ ಬರೆ ಎಂದರು. ಮಾಡುವ ಕೆಲಸಕ್ಕೊಂದು ಚೌಕ, ಕೇಳುವ ಪ್ರಶ್ನೆಗೊಂದು ವಜ್ರದ ಆಕಾರ, ಒಂದರಿಂದ ಒಂದಕ್ಕೆ ಬಾಣ.

ವಿನೋದಿನಿ ರೊಟ್ಟಿ ಬಡಿಯುವುದನ್ನು ಬರೆದಳು. ಕೈ ಇಂಗ್ಲಿಷ್ ಬರೆಯುತ್ತಿತ್ತು, ತಲೆ ಮನೆಯ ಅಡುಗೆಯ ಮೂಲೆಯಲ್ಲಿತ್ತು. ಹಿಟ್ಟಿನಿಂದ ಒಂದು ಉಂಡೆ ತೆಗೆದುಕೊ. ಬಡಿ. ಹೆಂಚಿಗೆ ಹಾಕು. ಉಬ್ಬಿತೇ? ಇಲ್ಲವಾದರೆ ಕಾಯಿ. ಉಬ್ಬಿದರೆ ತೆಗೆ. ಕೊನೆಗೆ ನಿಲ್ಲಿಸುವುದು ಯಾವಾಗ ಎಂಬ ಪ್ರಶ್ನೆ ಬಂತು. ರಾಚವ್ವ ನಿಲ್ಲಿಸುವುದು ಹಿಟ್ಟು ಹೆಚ್ಚಾದಾಗ. ವಿನೋದಿನಿ ಇಂಗ್ಲಿಷಿನಲ್ಲೂ ಹಾಗೆಯೇ ಬರೆದಳು: ಹಿಟ್ಟು ಹೆಚ್ಚಾಯಿತೇ? ಹೌದಾದರೆ ನಿಲ್ಲಿಸು. ಇಲ್ಲವಾದರೆ ಮೊದಲಿನ ಚೌಕಕ್ಕೆ ಹೋಗು.

ಸಾಹೇಬರು ತಾವೇ ಯಂತ್ರವಾದವರಂತೆ ಬಾಣಗಳ ಮೇಲೆ ಬೆರಳು ಸರಿಸಿದರು. ಒಂದು ರೊಟ್ಟಿ ಆಯಿತು, ಹಿಟ್ಟು ಹೆಚ್ಚಾಯಿತೇ? ಇಲ್ಲ. ಇನ್ನೊಂದು ಆಯಿತು, ಹೆಚ್ಚಾಯಿತೇ? ಇಲ್ಲ. ಈಗ ಹಿಟ್ಟಿನ ಪರಾತದಲ್ಲಿ ಏನೂ ಉಳಿದಿಲ್ಲ. ಹೆಚ್ಚಾಯಿತೇ? ಇಲ್ಲ. ಬೆರಳು ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು.

"ಕರೆಂಟ್ ಹೋಗುವವರೆಗೂ ಹಿಟ್ಟಿಲ್ಲದ ಬರಿಗಲ್ಲನ್ನೇ ಬಡಿಯುತ್ತ ಕೂರುತ್ತದೆ, ಪಾಪ," ಎಂದು ತರುಣ ನಕ್ಕ.

ಹೀಗೇಕೆ ಬರೆದೆ ಎಂದು ಸಾಹೇಬರು ಕೇಳಿದರು. ನಮ್ಮ ಮನೆಯಲ್ಲಿ ಹಾಗೆನ್ನುತ್ತೇವೆ ಎಂದು ಹೇಳಬಹುದಿತ್ತು. ಅವಳು ದೇವಕ್ಕನ ಸೀರೆಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು. ಸಾಹೇಬರು ಹಾಳೆಯನ್ನು ಇನ್ನೊಮ್ಮೆ ನೋಡಿ, ಉಳಿದದ್ದೆಲ್ಲ ಸರಿಯಾಗಿದೆ, ಒಂದು ಜಾಗ ಇನ್ನೂ ತುಂಬಿಲ್ಲ, ಮುಂದಿನ ತಿಂಗಳ ಮೊದಲ ಸೋಮವಾರ ತೀರ್ಮಾನ ಮಾಡುತ್ತೇವೆ ಎಂದರು.

"ಅಷ್ಟರಲ್ಲಿ ನಿಲ್ಲುವಂಥದ್ದೊಂದನ್ನು ಮಾಡು. ಅದೇ ಆಗಬೇಕೆಂದಿಲ್ಲ, ಯಾವುದಾದರೂ ಸರಿ. ನೀನೇ ತಂದು ನನಗೆ ತೋರಿಸು. ತರುತ್ತೀಯಾ?"

"ತರುತ್ತೇನೆ, ಸರ್."

ಮನೆಗೆ ಬಂದಾಗ ಸಂಜೆ. ಅಂಬವ್ವ ಬಾಗಿಲಲ್ಲೇ ಕೂತಿದ್ದಳು. ಏನಾಯಿತು ಎಂದು ಕೇಳಿದಳು. ವಿನೋದಿನಿ ಚಪ್ಪಲಿ ಬಿಡುತ್ತಲೇ ಉರಿದುಬಿದ್ದಳು.

"ನಿನ್ನಿಂದ ಆತು, ಅಜ್ಜಿ. ಹೆಚ್ಚಾತು, ಹೆಚ್ಚಾತು ಅಂತ ಸಣ್ಣಾಕಿದ್ದಾಗಿಂದ ತಲ್ಯಾಗ ತುಂಬಿದಿ. ಇಲ್ಲದ್ದಕ್ಕ ಇಲ್ಲ ಅನ್ನಾಕ ನನಗ ಬರಂಗಿಲ್ಲ. ಅಲ್ಲಿ ನನ್ನ ನೋಡಿ ನಕ್ಕರು."

ಆದದ್ದನ್ನೆಲ್ಲ ಅಳುತ್ತ ಹೇಳಿದಳು. ಅಂಬವ್ವನಿಗೆ ಬಾಣ, ಚೌಕ ತಿಳಿಯಲಿಲ್ಲ. ಮೊಮ್ಮಗಳನ್ನು ನೋಡಿ ನಕ್ಕರು ಎಂಬುದು ತಿಳಿಯಿತು.

"ಏನ ಅನ್ನಬೇಕಿತ್ತು, ನನ್ನವ್ವಾ?"

"ಮುಗೀತು ಅನ್ನಬೇಕಿತ್ತು."

"ಏ, ದೀಪ ಹಚ್ಚೂ ಹೊತ್ತಿನ್ಯಾಗ ಎಂಥಾ ಮಾತ ಆಡ್ತಿ," ಎಂದು ರಾಚವ್ವ ಒಳಗಿನಿಂದ ಗದರಿದಳು. ಆ ರಾತ್ರಿ ಅಜ್ಜಿ ಮೊಮ್ಮಗಳು ಒಂದೇ ಕೌದಿಯ ಮೇಲೆ ಬೆನ್ನು ಮಾಡಿ ಮಲಗಿದರು.

ನಾಲ್ಕಾರು ದಿನ ಕಳೆದಿರಬೇಕು. ಗಂಡಸರು ಊಟಕ್ಕೆ ಕೂತಿದ್ದರು. ಅಂಬವ್ವ ಡಬ್ಬಿಯೊಳಗೆ ಕೈ ಹಾಕಿ, ತಳ ಮುಟ್ಟಿ, ಕಾದ ಹಾಸುಗಲ್ಲಿನ ಮೇಲೆ ಬರಿಗಾಲು ಇಡುವವಳಂತೆ ಒಂದು ಕ್ಷಣ ತಡೆದು, "ರಾಚವ್ವಾ, ಹಿಟ್ಟು... ಮುಗೀತು" ಎಂದಳು.

ರಾಚವ್ವನ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು.

"ಅತ್ತಿ, ಏನ ಅಂದ್ರಿ?"

"ಹುಡುಗಿಗೆ ರೂಢಿ ಆಗಬೇಕಲ್ಲ. ಮನ್ಯಾಗ ಕಿವಿಗೆ ಬಿದ್ರ ತಾನ ಬಾಯಿಗೆ ಬರತೈತಿ."

ಅಂದಿನಿಂದ ಅಂಬವ್ವ ಆ ಮಾತನ್ನು ಪಾಠದಂತೆ ಒಪ್ಪಿಸತೊಡಗಿದಳು. ಉಪ್ಪು ಮುಗೀತು. ಸೀಮೆಎಣ್ಣಿ ಮುಗೀತು. ದೇವಕ್ಕ ಕಡ ಒಯ್ದಿದ್ದ ಸಕ್ಕರೆ ಹಿಂದಿರುಗಿಸಲು ಬಂದರೆ, "ಬಾಳ ಚಲೋ ಆತವ್ವಾ, ನಮ್ಮ ಮನ್ಯಾಗ ಸಕ್ಕರಿ ಮುಗದ ಹೋಗಿತ್ತು" ಎಂದು ಮೊಮ್ಮಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. ಹೇಳಿದ ಮೇಲೆ ಪ್ರತಿ ಸಲವೂ ಹಣೆಯ ವಿಭೂತಿ ಮುಟ್ಟಿಕೊಳ್ಳುತ್ತಿದ್ದಳು. ವಿನೋದಿನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಒಂದು ಮಧ್ಯಾಹ್ನ ಅವಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

"ಯಂತ್ರ ಆಗ್ತಿಯೇನಜ್ಜಿ? ನಾ ಹೇಳಿದಷ್ಟ ಮಾಡಬೇಕು. ಹೇಳದ್ದನ್ನ ಮಾಡಬಾರದು."

"ಹಸಿವಾದ್ರ?"

"ಯಂತ್ರಕ್ಕ ಹಸಿವು ಇಲ್ಲ."

"ಹಂಗಾರ ಚಲೋ ಆತು. ನಡಿ, ಹೇಳು."

ವಿನೋದಿನಿ ಬಾಗಿಲು ಹಾಕುವುದು, ಕೊಡ ತುಂಬುವುದು, ನಳ ನಿಲ್ಲಿಸುವುದು ಒಂದೊಂದನ್ನೇ ಹೇಳಿಕೊಟ್ಟಳು. ಕೊಡ ತುಂಬಿತೇ ನೋಡು ಎಂದು ಹೇಳಲು ಮರೆತರೆ ಅಂಬವ್ವ ನೀರು ಹರಿದು ಪಡಸಾಲೆಗೆ ಬಂದರೂ ಗೊಂಬೆಯಂತೆ ನಿಂತಿರುತ್ತಿದ್ದಳು. ರಾಚವ್ವ ಇಬ್ಬರನ್ನೂ ಬೈಯುತ್ತ ಕಸಬರಿಗೆ ತರುತ್ತಿದ್ದಳು. ಆದರೆ ಆ ಹಾಳೆಗಳಲ್ಲಿ ಯಾವುದೂ ಸಾಹೇಬರಿಗೆ ತೋರಿಸುವಂಥದ್ದೆಂದು ವಿನೋದಿನಿಗೆ ಅನ್ನಿಸಲಿಲ್ಲ. ಇನ್ನೂ ದಿನಗಳಿದ್ದವು.

ಮೇ ತಿಂಗಳ ಮಧ್ಯದಲ್ಲಿ ಕಾರಖಾನೆಯ ಗೇಟಿಗೆ ಒಂದು ನೋಟೀಸು ಅಂಟಿಸಿದರು. ಇನ್ನು ಬೀಗ ತೆಗೆಯುವುದಿಲ್ಲ, ಕಾರಖಾನೆಯನ್ನು ಮುಚ್ಚಲಾಗಿದೆ ಎಂದು ಅದರಲ್ಲಿತ್ತು. ಮುರಿಗೆಪ್ಪ ಅದನ್ನು ಓದಿ, ಓದಲು ಬಾರದವರಿಗೆ ಓದಿ ಹೇಳಿ, ಬಿಸಿಲಲ್ಲಿ ನಡೆದು ಮನೆಗೆ ಬಂದ. ತಟ್ಟೆಯ ಮುಂದೆ ಕೂತ. ಇದೊಂದನ್ನೂ ತಿಳಿಯದ ಅಂಬವ್ವ ಬಾಟಲಿ ಬಗ್ಗಿಸಿ ನೋಡಿ, "ಎಣ್ಣಿ ಮುಗೀತು" ಎಂದಳು.

ಮುರಿಗೆಪ್ಪ ತಟ್ಟೆ ದೂಡಿದ.

"ಸಾಕ ಮಾಡ ಯವ್ವಾ. ಆ ಮಾತು ಮನಿಯೊಳಗ ಬಂದಾಗಿಂದ ಒಂದೊಂದ ಮುಗ್ಯಾಕತ್ತೈತಿ. ಇವತ್ತ ಕಾರಖಾನೀನೂ ಮುಗೀತು. ಇನ್ನ ಏನ ಮುಗಸೂದೈತಿ?"

"ಅಪ್ಪಾ, ಕಾರಖಾನಿ ಮಾಲಕ ಅಜ್ಜಿ ಮಾತ ಕೇಳಿ ನೋಟೀಸ ಹಚ್ಚಿದ್ನೇನು?" ಎಂದಳು ವಿನೋದಿನಿ.

"ನೀ ಸುಮ್ಮನಿರು. ನಿನ್ನ ಸಲುವಾಗಿ ಅಲ್ಲೇನು ಆಕಿ ಇದನ್ನ ಕಲ್ತದ್ದು? ಎಂಬತ್ತರ ಮುದುಕಿ ಬಾಯಾಗ ಅಪಶಕುನ ಹಾಕಿ ಕುಂತಿ. ಕೆಲಸಾರ ಸಿಕ್ಕಿತೇನು?"

"ಸಿಗತೈತಿ."

"ಸಿಕ್ಕಾಗ ಮಾತಾಡು."

ಅವನು ಉಣ್ಣದೆ ಹೊರಗೆ ಹೋದ. ರಾಚವ್ವ ತಟ್ಟೆ ಎತ್ತಿದಳು. ಅಂಬವ್ವ ಬಾಟಲಿ ಹಿಡಿದುಕೊಂಡೇ ಕೂತಿದ್ದಳು. ಬಹಳ ಹೊತ್ತಿನ ಮೇಲೆ, ಯಾರೂ ಕೇಳದಿದ್ದರೂ, "ಎಣ್ಣಿ ಹೆಚ್ಚಾತು" ಎಂದು ಮೆಲ್ಲಗೆ ತಿದ್ದಿ ಹೇಳಿದಳು.

ಆಮೇಲೆ ಅವಳು ಆ ಮಾತನ್ನು ಮತ್ತೆ ಆಡಲಿಲ್ಲ. ಬೇರೆ ಮಾತನ್ನೂ ಕಡಿಮೆ ಮಾಡಿದಳು. ಕಟ್ಟಡದ ಕೆಲಸ ನಿಂತು ಖಾನಾವಳಿಯ ಕೆಲವರು ಬೇರೆ ಕೆಲಸ ಹುಡುಕಿ ಭಿವಂಡಿಯ ಕಡೆ ಹೋದರು. ನಿಂಗಣ್ಣ ಮತ್ತು ಇನ್ನಿಬ್ಬರು ಉಳಿದರು. ಮುರಿಗೆಪ್ಪ ಗೋರೆಗಾಂವಿನ ಒಂದು ಗೋದಾಮಿನಲ್ಲಿ ಸರಕು ಇಳಿಸುವ ಕೆಲಸಕ್ಕೆ ಹೋಗತೊಡಗಿದ. ಫಿಟ್ಟರನ ಕೈಗಳು ಮೂಟೆ ಹೊತ್ತು ಸಿಪ್ಪೆ ಎದ್ದಿದ್ದವು. ಬಂದವನೇ ಉಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ತಾಯಿಯೊಡನೆ ನೇರ ಮಾತಾಡುತ್ತಿರಲಿಲ್ಲ, ಆದರೆ ಅವಳ ಊಟ ಆಯಿತೇ ಎಂದು ಹೆಂಡತಿಯನ್ನು ಕೇಳುತ್ತಿದ್ದ. ಆಯಿತಂತೆ ಎಂದು ರಾಚವ್ವ ಹೇಳುತ್ತಿದ್ದಳು. ರಾಚವ್ವ ಕೇಳಿದಾಗ ಅಂಬವ್ವ, ಮಧ್ಯಾಹ್ನ ಮೊಮ್ಮಗಳ ಸಂಗಡ ಉಂಡೆ ಎನ್ನುತ್ತಿದ್ದಳು. ಮೊಮ್ಮಗಳು ಕೇಳಿದರೆ, ನಿಮ್ಮವ್ವನ ಸಂಗಡ ಉಣ್ಣುತ್ತೇನೆ, ನೀನು ಟ್ಯೂಶನ್ನಿಗೆ ನಡೆ ಎನ್ನುತ್ತಿದ್ದಳು. ಒಮ್ಮೊಮ್ಮೆ ಮೂವರೂ ಕೂಡಿಯೇ ಕೂತರೆ ಅರ್ಧ ರೊಟ್ಟಿ ಮುರಿದು, "ಸಾಕವ್ವಾ, ಹೊಟ್ಟಿ ತುಂಬೇತಿ" ಎಂದು ಉಳಿದದ್ದನ್ನು ವಿನೋದಿನಿಯ ತಟ್ಟೆಗೆ ಹಾಕುತ್ತಿದ್ದಳು. ವಯಸ್ಸಾದವರ ಹೊಟ್ಟೆ, ಕೆಂಪು ಜೋಳ ಒಗ್ಗುವುದಿಲ್ಲ ಎಂದು ಎಲ್ಲರೂ ಅಂದುಕೊಂಡರು.

ಸಾಹೇಬರು ಹೇಳಿದ ಸೋಮವಾರಕ್ಕೆ ಇನ್ನೂ ವಾರವಿರುವಾಗ ಅಂಬವ್ವ ರೇಶನ್ ಸಾಲಿನಲ್ಲಿ ಕುಸಿದುಬಿದ್ದಳು. ದೇವಕ್ಕನೂ ಅಂಗಡಿಯವನೂ ಸೇರಿ ರಿಕ್ಷಾ ಸಿಗದೆ ಕೈಗಾಡಿಯಲ್ಲಿ ಮಲಗಿಸಿ ಮುನಿಸಿಪಾಲಿಟಿ ಆಸ್ಪತ್ರೆಗೆ ಒಯ್ದರು. ಮುರಿಗೆಪ್ಪ ಗೋದಾಮಿನಿಂದ ಓಡಿಬಂದ.

ಡಾಕ್ಟರು ಮರಾಠಿ ಹೆಂಗಸು. ರೆಪ್ಪೆ ಎತ್ತಿ ನೋಡಿದರು, ತೋಳಿನ ಚರ್ಮ ಹಿಡಿದು ಬಿಟ್ಟರು. ಇವರು ಸರಿಯಾಗಿ ಉಂಡು ಎಷ್ಟು ದಿನವಾಯಿತು ಎಂದು ಕೇಳಿದರು.

"ದಿನಾ ಉಣ್ತಾಳಲ್ರಿ," ಎಂದ ಮುರಿಗೆಪ್ಪ ಹೆಂಡತಿಯ ಕಡೆ ನೋಡುತ್ತ.

"ಹೌದ್ರಿ. ಇಕಿ ಸಂಗಾಟ ಉಣ್ತಾರ," ಎಂದು ರಾಚವ್ವ ಮಗಳ ಕಡೆ ನೋಡಿದಳು.

"ನನ್ನ ಸಂಗಾಟ ಅಲ್ಲವ್ವಾ. ನಿನ್ನ ಸಂಗಾಟ ಉಣ್ತೀನಿ ಅಂತಿದ್ದಳು," ಎಂದಳು ವಿನೋದಿನಿ.

ಡಾಕ್ಟರು ಮೂವರ ಮುಖವನ್ನೂ ನೋಡಿ, ಇನ್ನೇನೂ ಕೇಳದೆ ಚೀಟಿ ಬರೆದರು. ರಾಚವ್ವ ಗೋಡೆಗೆ ಆತುಕೊಂಡು ನೆಲದ ಮೇಲೆ ಕೂತು, "ತುಂಬೇತಿ ಅಂತಿದ್ರಲ್ಲೇ" ಎಂದಳು. "ಹೊಟ್ಟಿ ತುಂಬೇತಿ ಅಂತಿದ್ರು. ನಾ ಖರೇ ಅಂದ್ಕೊಂಡೆ."

ಸಲೈನ್ ಬಾಟಲಿ ಹಚ್ಚಿದರು. ಎರಡು ದಿನ ಅಂಬವ್ವ ಸ್ವಲ್ಪ ಚೇತರಿಸಿಕೊಂಡಳು. ಮುರಿಗೆಪ್ಪ ಗೋದಾಮಿಗೆ ಹೋಗದೆ ಹತ್ತಿರವೇ ಕೂತು ಚಮಚೆಯಲ್ಲಿ ಗಂಜಿ ಕುಡಿಸಿದ. ತಪ್ಪಾತು ಯವ್ವಾ ಎಂದು ಹೇಳಬೇಕೆಂದಿದ್ದ. ಹೇಳಲಾಗದೆ, ಇನ್ನೊಂದು ಚಮಚೆ, ಇನ್ನೊಂದು ಎಂದಷ್ಟೇ ಅಂದ. ಅಂಬವ್ವ ಅವನ ಕೈಯ ಸಿಪ್ಪೆ ಎದ್ದ ಚರ್ಮವನ್ನು ಹೆಬ್ಬೆರಳಿನಿಂದ ಸವರಿದಳು. ಗಂಜಿ ಒಳಗೆ ನಿಲ್ಲುತ್ತಿರಲಿಲ್ಲ.

ವಿನೋದಿನಿ ಸರದಿಗೆ ಕೂತಾಗ ಅಂಬವ್ವ ಸೋಮವಾರ ಯಾವಾಗ ಎಂದು ಕೇಳಿದಳು.

"ನಾ ಹೋಗಂಗಿಲ್ಲ, ಅಜ್ಜಿ. ನಿನ್ನ ಬಿಟ್ಟ ಎಲ್ಲಿ ಹೋಗ್ಲಿ?"

"ತರತೀನಿ ಅಂತ ಮಾತ ಕೊಟ್ಟ ಬಂದಿಯಲ್ಲ."

"ಕೆಲಸ ಬ್ಯಾಡ ನನಗ."

"ಕೆಲಸದ ಮಾತಲ್ಲ ನಂದು. ಕೊಟ್ಟ ಮಾತ ಅಲ್ಲಿ ಕುಂತ ದಾರಿ ಕಾಯತಿರತೈತಿ. ಒಯ್ದ ಕೊಟ್ಟ ಬಾ."

ಒಯ್ಯುತ್ತೇನೆ ಎಂದು ವಿನೋದಿನಿ ಹೇಳಿದಳು. ಆಮೇಲೆ, ಚಿಕ್ಕವಳಿದ್ದಾಗ ಕೇಳುತ್ತಿದ್ದ ಹಾಗೆ, ತವರಿಗೆ ಹೊರಟ ರಾಜಕುಮಾರಿ ಈಗ ಎಲ್ಲಿದ್ದಾಳೆ ಎಂದು ಕೇಳಿದಳು. ಅಂಬವ್ವ ಕಣ್ಣು ಮುಚ್ಚಿಕೊಂಡೇ ನಕ್ಕಳು.

ರವಿವಾರ ರಾತ್ರಿ ಅಂಬವ್ವ ತೀರಿಕೊಂಡಳು. ಸೋಮವಾರ ಮಣ್ಣು ಮಾಡಿದರು. ಚಾಳಿನವರೆಲ್ಲ ಬಂದಿದ್ದರು. ನಿಂಗಣ್ಣ ಹೆಗಲು ಕೊಟ್ಟ. ಹಿಂದಿರುಗಿ ಬಂದ ಮೇಲೆ ದೇವಕ್ಕ ತನ್ನ ಮನೆಯಿಂದ ಅನ್ನ ಸಾರು ತಂದು ಇಟ್ಟಳು. ಮುರಿಗೆಪ್ಪ ತಟ್ಟೆಯ ಮುಂದೆ ಕೂತವನು ಮೊದಲು ರಾಚವ್ವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಅವಳು ಆಮೇಲೆ ಉಣ್ಣುತ್ತೇನೆ ಎಂದಳು. "ಆಮ್ಯಾಲ ಬ್ಯಾಡ, ಈಗ" ಎಂದ. ಅವಳು ತುತ್ತು ಬಾಯಿಗಿಡುವವರೆಗೂ ಅವನು ತನ್ನ ಅನ್ನಕ್ಕೆ ಕೈ ಹಾಕಲಿಲ್ಲ. ವಿನೋದಿನಿ ಇದನ್ನು ನೋಡುತ್ತ ಕೂತಿದ್ದಳು.

ಮಳೆ ಹಿಡಿಯಿತು. ಆ ವರ್ಷ ಚೆನ್ನಾಗಿಯೇ ಹಿಡಿಯಿತು. ಚಾಳಿನ ಮುಂದೆ ನೀರು ನಿಂತಿತು, ಖಾನಾವಳಿಗೆ ಇಬ್ಬರು ಹೊಸಬರು ಸೇರಿದರು. ಒಂದು ಬೆಳಿಗ್ಗೆ ರಾಚವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, ಆ ಆಫೀಸಿಗೆ ಹೋಗಿಬಾ ಎಂದಳು. ತೀರ್ಮಾನದ ದಿನ ಎಂದೋ ಕಳೆಯಿತು, ಈಗ ಹೋಗಿ ಏನು ಮಾಡಲಿ ಎಂದು ವಿನೋದಿನಿ ಕೇಳಿದಳು.

"ಹೇಳಿದ್ದನ್ನ ಕೊಟ್ಟ ಬಾ. ಅತ್ತಿ ಮುಂದ ಹೂಂ ಅಂದಿ."

ಆ ದಿನ ವಿನೋದಿನಿ ಟ್ಯೂಶನ್ನಿಗೆ ಹೋಗಲಿಲ್ಲ. ಅಡುಗೆಯ ಮೂಲೆಯಲ್ಲೇ ಕೂತು ಒಂದು ಹಾಳೆಯ ಮೇಲೆ ಬರೆದು, ಹೊಡೆದು, ಮತ್ತೆ ಬರೆದಳು. ನಡುವೆ ಎರಡು ಸಲ ಎದ್ದು ಅವ್ವನ ತಟ್ಟೆ ನೋಡಿ ಬಂದಳು.

ಮರುದಿನ ಮುರಿಗೆಪ್ಪ ತಾನೂ ಬರುವೆನೆಂದ. ಇಬ್ಬರೂ ವೀಟಿಯಲ್ಲಿ ಇಳಿದರು. ಆ ದೊಡ್ಡ ಬಿಲ್ಡಿಂಗಿನ ಕೆಳಗೆ ಕೊಡೆ ಮಡಚಿ, "ನಾ ಇಲ್ಲೇ ನಿಂತಿರತೀನಿ, ಹೋಗಿ ಬಾ" ಎಂದ.

ಪಾರಸಿ ಸಾಹೇಬರಿಗೆ ಅವಳನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ರೊಟ್ಟಿಯ ಹುಡುಗಿ ಎಂದು ನೆನಪಾದಾಗ ಅವರ ಮುಖ ಮೊದಲು ಅರಳಿತು, ಆಮೇಲೆ ಇಳಿಯಿತು. ಆ ದಿನ ನಿನ್ನ ದಾರಿ ನೋಡಿದೆವು, ಆ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಾಯಿತು, ಮುಂದಿನ ವರ್ಷ ಇದ್ದರೆ ತಿಳಿಸುತ್ತೇವೆ ಎಂದರು.

"ಇರಲಿ, ಸರ್. ತರುತ್ತೇನೆ ಎಂದಿದ್ದೆ," ಎಂದು ಅವಳು ಹಾಳೆ ಚಾಚಿದಳು.

ಅವರು ಗಡಿಯಾರ ನೋಡಿದರು. ಅವಳನ್ನು ನೋಡಿದರು. ಕನ್ನಡಕ ಹಾಕಿಕೊಂಡು ಕೂತರು, ಅವಳಿಗೂ ಕೂರಲು ಹೇಳಿದರು.

ಅದು ಒಂದು ಮನೆಯಲ್ಲಿ ಊಟ ಬಡಿಸುವ ಚಾರ್ಟು. ಸಾಹೇಬರು ಬೆರಳಿಟ್ಟು ಹೊರಟರು. ಮನೆಯವರಲ್ಲಿ ಒಬ್ಬರನ್ನು ತೆಗೆದುಕೊ. ತಟ್ಟೆಗೆ ರೊಟ್ಟಿ ಹಾಕು. ಅವರ ತಟ್ಟೆ ನೋಡು. ಉಂಡಿದ್ದಾರೆಯೇ? ಇಲ್ಲವಾದರೆ ಅಲ್ಲೇ ನಿಲ್ಲು, ಮತ್ತೆ ನೋಡು. ಉಂಡಿದ್ದರೆ ಮುಂದಿನವರ ಹತ್ತಿರ ಹೋಗು. ಎಲ್ಲರದೂ ಆಯಿತೇ? ಬಡಿಸುವವಳು ಉಂಡಳೇ? ಅವಳ ತಟ್ಟೆಯನ್ನೂ ನೋಡು. ಬೆರಳು ಬಾಣ ಹಿಡಿದು ಮೇಲಕ್ಕೆ ಹೋಗಿ, ಇನ್ನೊಬ್ಬರನ್ನು ಕರೆದುಕೊಂಡು, ಮತ್ತೆ ಕೆಳಗೆ ಬಂತು. ಒಂದು ಚೌಕದ ಮೇಲೆ ತಡೆಯಿತು.

ಇಲ್ಲಿ ಪ್ರತಿ ಸಲ ತಟ್ಟೆ ನೋಡು ಎಂದು ಬರೆದಿದ್ದೀಯಲ್ಲ, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಉಂಡಿರಾ ಎಂದು ಕೇಳಿದರೆ ಸಾಕಲ್ಲ ಎಂದು ಅವರು ಕೇಳಿದರು.

"ಕೇಳಿದರೆ ಹೊಟ್ಟೆ ತುಂಬಿದೆ ಎನ್ನುತ್ತಾರೆ, ಸರ್."

ಸಾಹೇಬರು ಬೆರಳನ್ನು ಮತ್ತೆ ಸರಿಸಿದರು. ಅವಸರ ಮಾಡಲಿಲ್ಲ. ಒಬ್ಬೊಬ್ಬರ ತಟ್ಟೆಯ ಹತ್ತಿರವೂ ನಿಂತು, ನೋಡಿ, ಮುಂದೆ ಹೋದರು. ಕೊನೆಗೆ ಬಡಿಸಿದವಳ ತಟ್ಟೆಯನ್ನೂ ನೋಡಿ, ಕೆಳಗಿನ ಬಾಣ ಹಿಡಿದು, ಕೊನೆಯ ಚೌಕಕ್ಕೆ ಬಂದರು.

"ನಿಂತಿತು," ಎಂದರು.